ಹಸಿ ಪಾಕದ ಎಣ್ಣೆ

ಭಾರತಪ್ಪುಳ ಹೊಳೆಯ ದಂಡೆಯಲ್ಲಿದ್ದ ವಾರ್ಯರ್ ವೈದ್ಯರ ಮನೆಯಲ್ಲಿ ಚಿರುತ ಇಪ್ಪತ್ತೆಂಟು ವರ್ಷದಿಂದ ಎಣ್ಣೆ ಕಾಯಿಸುತ್ತಿದ್ದಳು. ಆಲ, ಅರಳಿ, ಅತ್ತಿ, ಬಸರಿ ಮರಗಳ ತೊಗಟೆಯ ಕಷಾಯಕ್ಕೆ ಅರಿಶಿನ, ಎಳ್ಳೆಣ್ಣೆ ಸೇರಿಸಿ ಕುದಿಸಿದ ಆ ಎಣ್ಣೆಯನ್ನು ಊರಿನ ಕೂಸುಗಳಿಗೆಲ್ಲ ಹಚ್ಚುತ್ತಿದ್ದರು. ಪಾಕ ನೋಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಉರುಳಿ ಎಂಬ ಅಗಲ ಬಾಯಿಯ ಕಂಚಿನ ಪಾತ್ರೆಯ ತಳದ ಗಸಿಯನ್ನು ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿಯುವಳು. ಚಟಚಟ ಅಂದರೆ ನೀರಿನಂಶ ಇನ್ನೂ ಉಳಿದಿದೆ ಎಂದರ್ಥ.

ಮಿಥುನ ಮಾಸದ ಒಂದು ಗುರುವಾರ ಬತ್ತಿ ಚಟಗುಟ್ಟಿತು. ಅವಳಿಗೆ ಕೇಳಿಸಿತು ಕೂಡ. ಆದರೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಹೊತ್ತಾಗಿತ್ತು. ಉಳಿದ ನೀರು ಬಿಸಿಗೇ ಆರೀತೆಂದು ತನಗೆ ತಾನೇ ಹೇಳಿಕೊಂಡು, ಸೋಸಿಟ್ಟು ಓಡಿದಳು.

ಮೂರು ವಾರದಲ್ಲಿ ಎಣ್ಣೆ ಕೆಟ್ಟಿತು. ಅದನ್ನು ಹಚ್ಚಿದ ಮೇಲೆ ಅದೇ ಊರಿನ ಸುಭದ್ರೆ ಎಂಬಾಕೆಯ ಹಸುಗೂಸಿನ ಬೆನ್ನ ತುಂಬ ಬೊಕ್ಕೆ ಎದ್ದವು. ವೈದ್ಯರು ತೊಗಟೆ ತರುವ ಉಮ್ಮರನನ್ನು ಅಂಗಳದಲ್ಲೇ ತಡೆದರು.

"ಯಾವ ಕಾಡುಮರದ ಸಿಪ್ಪೆ ತಂದ್ಯೋ? ಇನ್ನು ಈ ಮೆಟ್ಲು ಹತ್ತಬೇಡ."

ಉಮ್ಮರ್ ಗೋಣಿ ಮಡಚಿದ. ಒಮ್ಮೆ ಚಿರುತಳ ಕಡೆ ನೋಡಿದ. ಅವಳು ತಲೆ ಎತ್ತದೆ ಉರುಳಿ ತಿಕ್ಕುತ್ತಲೇ ಇದ್ದಳು.

ಕೂಸಿಗೆ ವಾಸಿಯಾಯಿತು. ಚಿರುತಳಿಗೆ ಮಾತ್ರ ಮಗಳ ನಿಶ್ಚಿತಾರ್ಥದಲ್ಲಿ ಪಾಯಸ ಬಡಿಸುವಾಗಲೂ ಗೋಣಿ ಮಡಚುವ ಕೈಗಳೇ ಕಣ್ಣಿಗೆ ಕಟ್ಟಿದ್ದವು. ಉಮ್ಮರ್ ಸಂತೆಯಲ್ಲಿ ಮರಗೆಣಸು ಮಾರುತ್ತಿದ್ದಾನೆಂದು ತಿಳಿದು ಅಲ್ಲಿಗೆ ಹೋದಳು.

"ಉಮ್ಮರ್ ಇಕ್ಕಾ, ನಿಮ್ ತೊಗಟೇಲಿ ತಪ್ಪಿರ್ಲಿಲ್ಲ. ಪಾಕ ನಾನೇ ಹಸೀಲಿ ಇಳಿಸ್ದೆ."

"ನನ್ ತೊಗಟೆ ನಂಗೊತ್ತಿಲ್ವಾ, ಚಿರುತೇ?"

"ಮತ್ತೆ ವೈದ್ಯರಿಗೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಎರಡು ತಿಂಗ್ಳು ಕಾಯಿಸ್ದೆ ನನ್ನ. ಗೆಣಸು ಬೇಕಾ? ಬೇಡ್ದಿದ್ರೆ ಪಕ್ಕಕ್ಕೆ ನಿಲ್ಲು, ಗಿರಾಕಿ ಬಂದಿದಾರೆ."

ಅಲ್ಲಿಂದ ನೆಟ್ಟಗೆ ವೈದ್ಯರ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ.

"ಒಂದು ಬತ್ತಿ ಹಚ್ಚಿ ನಾನೂ ನೋಡ್ಬಹುದಿತ್ತು," ಎಂದು ಮೇಲುವಸ್ತ್ರ ಹೊದ್ದು ತಾವೇ ಸಂತೆಗೆ ನಡೆದರು.

ಓಣಂ ಕಳೆದ ಮೇಲೆ ಉಮ್ಮರ್ ತೊಗಟೆ ಹೊತ್ತು ಮತ್ತೆ ಬಂದ. ಚಿರುತ ಸುಭದ್ರೆಯ ಮನೆಗೂ ಹೋಗಿ ತಪ್ಪೊಪ್ಪಿಕೊಂಡಳು. ಸುಭದ್ರೆ ಕೂತ್ಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಈಗಲೂ ದಾರಿಯಲ್ಲಿ ಎದುರಾದರೆ ಮಗುವನ್ನು ಚಿರುತಳಿಗೆ ದೂರವಾಗುವಂತೆ ಸೊಂಟದ ಇನ್ನೊಂದು ಬದಿಗೆ ಬದಲಿಸುತ್ತಾಳೆ. ಚಿರುತ ಬೇಲಿಗೆ ಒತ್ತಿ ನಿಂತು ದಾರಿ ಬಿಡುತ್ತಾಳೆ.