ಹಳದಿ ಐರಿಸ್ ನೆಟ್ಟವಳು

ಚಪಾತಿ ಹಿಟ್ಟು ನಾದುವಾಗ ಅದರೊಳಗಿನ ಚಿಟಿಕೆ ಉಪ್ಪು ಕೂಡ ಈಗ ನನ್ನ ಅಂಗೈಯನ್ನು ಉರಿಸುತ್ತದೆ. ಬೆರಳ ಸಂದುಗಳಲ್ಲಿ ಚರ್ಮ ಸುಲಿದು ಕೆಂಪಾಗಿದೆ. ಐರಿಸ್ ಗಿಡದ ರಸ ಮಾಡಿದ ಕೆಲಸವಿದು. ನೈರೋಬಿಯ ಮಕ್ಕಳಿಗೆ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದ ನಾನು ಅದನ್ನು ಅರಿಯದವಳಲ್ಲ, ಮಿತ್ರರೇ. ಅರಿತೂ ಬರಿಗೈಯಲ್ಲೇ ಕಿತ್ತೆ. ಕೆಲವು ತಪ್ಪುಗಳನ್ನು ಕೈಗವಸು ತೊಟ್ಟು ಮುಟ್ಟಲು ಮನಸ್ಸು ಒಪ್ಪುವುದಿಲ್ಲ.

ಸ್ಪ್ರಿಂಗ್ ವ್ಯಾಲಿ ಬಡಾವಣೆಯ ನಮ್ಮ ಮನೆಯ ಹಿಂದೆ, ತೊರೆಯ ಮಗ್ಗುಲಲ್ಲಿ, ಒಂದು ಜೌಗು ನೆಲವಿದೆ. ಮೈಸೂರಿನಿಂದ ನಾವು ಬಂದ ಕಾಲಕ್ಕೆ ಅಲ್ಲಿ ಆಳೆತ್ತರದ ಜೊಂಡು, ಅದರ ತುದಿಗಳಲ್ಲಿ ತೂಗುವ ಗೀಜಗನ ಗೂಡುಗಳು. ವಾಂಜಿರು ಎಂಬ ಹೆಂಗಸು ಆ ಜೊಂಡನ್ನು ಕೊಯ್ದು ಒಣಗಿಸಿ ಚಾಪೆ ಹೆಣೆದು ಮಾರುತ್ತಿದ್ದಳು; ಬೇಲಿಯಾಚೆಯಿಂದಲೇ ನನ್ನನ್ನು ‘ಮ್ವಾಲಿಮು’ ಎಂದು, ಅಂದರೆ ಟೀಚರಮ್ಮ ಎಂದು, ಕೂಗಿ ಕುಶಲ ಕೇಳುತ್ತಿದ್ದಳು.

ಯುರೋಪಿಗೆ ಮರಳುತ್ತಿದ್ದ ಸಹೋದ್ಯೋಗಿಯೊಬ್ಬಳು ತನ್ನ ಕೊಳದ ಹಳದಿ ಐರಿಸ್ ಗಡ್ಡೆಯೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಅವಳ ನಾಡಿನ ಜೌಗಿನ ಕಾಡುಹೂವು ನಮ್ಮ ಜೌಗಿನಲ್ಲೂ ಅರಳಲಿ ಎಂದು ನಾನೇ ನೆಟ್ಟೆ. ಅರಳಿತು. ನಾನು ಹಿಗ್ಗಿದೆ. ಹಿಗ್ಗಿ ಹಿಗ್ಗಿ ನೋಡುತ್ತಿದ್ದಂತೆಯೇ, ನಾಲ್ಕಾರು ವರ್ಷಗಳಲ್ಲಿ, ಕತ್ತಿಯಂಥ ಆ ಎಲೆಗಳು ಜೊಂಡನ್ನು ಬುಡಸಹಿತ ಒತ್ತರಿಸಿ ಇಡೀ ಜೌಗನ್ನು ಆಳತೊಡಗಿದವು. ಗೀಜಗಗಳು ಬರುವುದನ್ನು ಬಿಟ್ಟವು.

ಒಂದು ಬೆಳಿಗ್ಗೆ ವಾಂಜಿರು ಕುಡುಗೋಲು ಹಿಡಿದು ಸುಮ್ಮನೆ ನಿಂತಿದ್ದಳು.

“ಹೂವೇನೋ ಚೆನ್ನಾಗಿದೆ, ಮ್ವಾಲಿಮು. ಆದ್ರೆ ಇದ್ರಲ್ಲಿ ಚಾಪೆ ಹೆಣೆಯೋಕಾಗಲ್ಲ. ಯಾರು ತಂದ್ರೋ ಇದನ್ನ!” ಎಂದಳು ಸ್ವಾಹಿಲಿಯಲ್ಲಿ.

ನಾನೇ ತಂದದ್ದು ಎಂದು ಹೇಳಲು ಬಾಯಿ ಬರಲಿಲ್ಲ. ಅವಳು ಮತ್ತೆ ಬರಲಿಲ್ಲ.

ಮರುದಿನದಿಂದ ಕೆಸರಿಗಿಳಿದೆ. ತಿಂಗಳಿಡೀ ಅಗೆದೆ, ಕಿತ್ತೆ, ದಂಡೆಯ ಮೇಲೆ ರಾಶಿ ಹಾಕಿದೆ. ಮಗಳು ಅನನ್ಯಾ ನನ್ನ ಕೈ ನೋಡಿ ಅಳುವಂತಾದಳು. “ಅಮ್ಮಾ, ಪ್ಲೀಸ್ ಸ್ಟಾಪ್. ಯು ಕಾಂಟ್ ಫಿನಿಶ್ ದಿಸ್.”

“ಮುಗಿಸ್ತೀನಿ ಕಣೇ,” ಎಂದೆ.

ಮಳೆ ಮುಗಿಸಿತು. ಒಂದೇ ಮಧ್ಯಾಹ್ನದಲ್ಲಿ ಉಕ್ಕಿದ ತೊರೆ ನನ್ನ ರಾಶಿಯನ್ನೆಲ್ಲ ಎತ್ತಿಕೊಂಡು ಹೋಯಿತು. ಹೆಬ್ಬೆರಳಷ್ಟು ಗಡ್ಡೆ ಸಾಕು, ಈ ಗಿಡ ಇನ್ನೊಂದು ದಂಡೆಯಲ್ಲಿ ಬೇರೂರಲು. ತರಗತಿಯಲ್ಲಿ ಎಷ್ಟು ಸಲ ಇದನ್ನು ಹಲಗೆಯ ಮೇಲೆ ಬರೆದಿದ್ದೆನೋ! ಒಳ್ಳೆಯದನ್ನು ಮಾಡಹೊರಟ ಕೈ ಕೇಡು ಮಾಡುವುದುಂಟು. ಕೇಡನ್ನು ತೊಳೆಯಹೊರಟ ಕೈ ಅದನ್ನೇ ಊರಿಗೆಲ್ಲ ಹಂಚುವುದೂ ಉಂಟೆಂದು ಆಗ ತಿಳಿಯಿತು.

ಅದಾಗಿ ವರ್ಷವಾಗಿದೆ; ಕೈಯ ಚರ್ಮ ಮಾತ್ರ ಇನ್ನೂ ಮಾಗಿಲ್ಲ. ಮೊನ್ನೆ, ಮೈಸೂರಿನಿಂದ ಹೊಸದಾಗಿ ಬಂದಿರುವ ಡಾಕ್ಟರ್ ಹುಡುಗಿಯೊಬ್ಬಳು ನನ್ನನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದಳು. ರಿವರ್‌ಸೈಡ್‌ನ ಸೇತುವೆಯ ಮೇಲೆ ಮಟಾಟು ವ್ಯಾನುಗಳ ನಡುವೆ ಸಿಕ್ಕಿ ನಿಂತೆವು. ಕೆಳಗೆ ನಮ್ಮದೇ ತೊರೆಯ ಎರಡೂ ದಂಡೆ ಹಳದಿ, ಕಣ್ಣು ಹಾಯುವವರೆಗೂ.

“ಅಯ್ಯೋ, ಎಷ್ಟ್ ಚೆನ್ನಾಗಿದೆ ನೋಡಿ ಆಂಟಿ! ಯಾವ್ ಹೂವು ಅದು?”

“ಗೊತ್ತಿಲ್ಲಮ್ಮ,” ಎಂದೆ.