ಆ ಕಡೆಯ ಐದು ನಟ್ಟು

ಅಜ್ಜ ಬಂಡಿಯ ಗಾಲಿಗೆ ಕೆಂಪಗೆ ಕಾದ ಕಬ್ಬಿಣದ ಪಟ್ಟಿ ತೊಡಿಸುತ್ತಿದ್ದ. ಅವನು ತೊಡಿಸಿದ ಪಟ್ಟಿ, ಗಾಲಿ ಲಡ್ಡಾಗಿ ಮೂಲೆ ಸೇರಿದರೂ ಬಿಡುತ್ತಿರಲಿಲ್ಲ. ಅಪ್ಪ ಬಸ್ಸಿನ ಎಂಜಿನ್ನುಗಳಿಗೆ ಕೈ ಹಾಕಿದ. ನಡುದಾರಿಯಲ್ಲಿ ಫ್ಯಾನ್ ಬೆಲ್ಟು ಹರಿದಾಗ ಸೊಂಟದ ಬೆಲ್ಟನ್ನೇ ಬಿಚ್ಚಿ ಕಟ್ಟಿ, ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ಬಸ್ಸನ್ನು ಊರು ಮುಟ್ಟಿಸಿದ ಗಂಡಸು ಅವನು.

ಅವನ ಇಬ್ಬರು ಮಕ್ಕಳೂ ಅದೇ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡರು. ಯಾವ ಎಂಜಿನ್ನೇ ಬರಲಿ, ಅಣ್ಣ ಎಡಕ್ಕೆ, ತಮ್ಮ ಬಲಕ್ಕೆ. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಎರಡು ತುದಿ ಹಿಡಿದು, ಮಲಗಿದ ಕೂಸನ್ನು ಎತ್ತಿದಂತೆ ಎತ್ತುತ್ತಿದ್ದರು. ಮತ್ತೆ ಕೂರಿಸಿ ಒಂದೊಂದೇ ನಟ್ಟು ಬಿಗಿಯುವಾಗ ತಮ್ಮ ತನ್ನ ಬದಿಯಿಂದ "ಒಂದು" ಎಂದರೆ, ಅಣ್ಣ ತನ್ನ ಬದಿಯಿಂದ "ಎರಡು" ಎನ್ನುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ರೆಂಚು. ಜನ ಅವರಿಗೆ ಜೋಡಿ ಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು. ಅಣ್ಣ ತೀರಿಕೊಂಡ ಮೇಲೂ ಬೀದಿಯವರ ಬಾಯಿಗೆ ಅದೇ ಬರುತ್ತಿತ್ತು. ಒಂಟಿಯಾಗಿ ಹೋಗುವ ತಮ್ಮನನ್ನು "ಏನ್ ಜೋಡಿ ಮೇಸ್ತ್ರಿ, ಚೆನ್ನಾಗಿದ್ದೀರಾ?" ಎಂದು ಮಾತಾಡಿಸುತ್ತಿದ್ದರು. ಅವನು ತಲೆಯಾಡಿಸಿ ಮುಂದೆ ಹೋಗುತ್ತಿದ್ದ.

ಹೀಗಿರುವಾಗ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದು ಬಂತು. ನೋಡಲು ಬಾಣದಂತಿದ್ದರೂ ಎಂಜಿನ್ನಿಗೆ ಉಬ್ಬಸ. "ಒಬ್ಬರ ಕೈಲಿ ಆಗುತ್ತಾ?" ಎಂದು ಅದರ ಒಡತಿ ಕೇಳಿದಾಗ ಅವನಿಗೆ ಚುರ್ರೆಂದಿತು.

"ಇದು ಎದ್ದು ಓಡ್ಲಿಲ್ಲ ಅಂದ್ರೆ ಗ್ಯಾರೇಜಿಗೆ ನಾನೇ ಬೀಗ ಹಾಕ್ತೀನಿ, ತಾಯಿ."

ಆಡಿದ್ದು ಆಡಿಯಾಗಿತ್ತು. ಸೂರಿನ ಅಡ್ಡಕಂಬಿಗೆ ಹಗ್ಗ ಬಿಗಿದು ಹೆಡ್ಡನ್ನು ಮೊದಲ ಸಲ ಒಬ್ಬನೇ ಎತ್ತಿದ. ಮಸಿ ಕೆರೆದ. ವಾಲ್ವುಗಳಿಗೆ ಅರೆಯುವ ಪೇಸ್ಟು ಹಚ್ಚಿ, ಅವಕ್ಕೆ ಅಂಟಿಸಿದ ಕೋಲನ್ನು ಅಂಗೈಗಳ ನಡುವೆ ಹೊಸೆದು, ಸಂದಿಲ್ಲದಂತೆ ಕೂರಿಸಿದ. ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಸಿ, ಹೆಡ್ಡನ್ನಿಳಿಸಿ, ಹತ್ತೂ ನಟ್ಟುಗಳನ್ನು ಮೊದಲು ಹಗುರಾಗಿ ತಿರುಗಿಸಿದ. ಆಮೇಲೆ ರೆಂಚು ಹಿಡಿದು ಕೊನೆಯ ಬಿಗಿತ. ಎಲ್ಲ ಮುಗಿಸಿ ನೀರು ತುಂಬಿ ಎಂಜಿನ್ ಹಚ್ಚಿದ.

ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಬುಸ್ಸೆಂದು ಹಬೆ ಎದ್ದಿತು.

ಗ್ಯಾರೇಜಿನ ಹಿಂದಿನ ಮನೆಯಿಂದ ಚಹಾ ತಂದ ಅತ್ತಿಗೆ ಬಾಗಿಲಲ್ಲೇ ನಿಂತಳು. "ಏನಪ್ಪಾ, ಕಾರು ಸ್ನಾನಕ್ಕೆ ನೀರು ಕಾಯಿಸ್ಕೊಳ್ತಿದೆಯಾ?"

ಅವನಿಗೆ ನಗು ಬರಲಿಲ್ಲ. ಎಂಜಿನ್ ಆರಿದ ಮೇಲೆ ಎಡಗಡೆಯ ನಟ್ಟಿಗೆ ರೆಂಚು ಕೊಟ್ಟ. ಎರಡು ಬೆರಳಿಗೇ ತಿರುಗಿತು. ಅದರ ಪಕ್ಕದ್ದೂ ಹಾಗೆಯೇ. ಆ ಬದಿಯ ಐದಕ್ಕೂ ಕೊನೆಯ ಬಿಗಿತ ಬಿದ್ದಿರಲೇ ಇಲ್ಲ. "ಒಂದು" ಎಂದು ಬಿಗಿದು, ಒಂದು ಉಸಿರು ಕಾದು, "ಮೂರು" ಎಂದು ಮುಂದಿನದಕ್ಕೆ ಹೋಗಿದ್ದ. ನಡುವೆ ಅಣ್ಣ "ಎರಡು" ಎಂದದ್ದು ಅವನಿಗೆ ಕೇಳಿಸಿತ್ತು. ಜೀವಮಾನವಿಡೀ ಅವನು ಅರ್ಧ ಎಂಜಿನ್ನನ್ನಷ್ಟೇ ಬಿಗಿದವನು.

ರೆಂಚನ್ನು ಬಾನೆಟ್ಟಿನ ಅಂಚಿಗಿಟ್ಟು ನೆಲದ ಮೇಲೆ ಕೂತುಬಿಟ್ಟ. ಚಹಾ ಕೆನೆಗಟ್ಟಿತು.

ಗ್ಯಾಸ್ಕೆಟ್ ಹಾಳಾಗಿತ್ತು. ಮತ್ತೆ ಬಿಚ್ಚಿದ, ಮತ್ತೆ ಒರೆಸಿದ, ಇನ್ನೊಂದು ಹಾಸಿದ. ಹೆಡ್ಡು ಕೂತಿತು. ಬಲಗಡೆ ನಿಂತು "ಒಂದು" ಎಂದು ಬಿಗಿದ. ಕಾಲು ಅಲ್ಲಿಂದ ಕದಲಲಿಲ್ಲ. ಕಾರಿನ ಮೂತಿಯನ್ನು ಬಳಸಿದರೆ ಆಚೆ ಕಡೆ. ಅಲ್ಲಿ ಅಣ್ಣನ ಕಾಲಿಗೆ ಸವೆದು ನುಣುಪಾದ ಸಿಮೆಂಟು; ಗೋಡೆಯ ಮೊಳೆಯಲ್ಲಿ ಅವನ ರೆಂಚು.

ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದಳು. ಆ ಲೆಕ್ಕವನ್ನು ಗೋಡೆಯಾಚೆಯಿಂದ ಕೇಳಿ ಕೇಳಿ ಅವಳಿಗೂ ಬಾಯಿಪಾಠವಾಗಿತ್ತು. ಮೊಳೆಯಲ್ಲಿದ್ದ ರೆಂಚಿಗೆ ಕೈ ಚಾಚಿದಳು.

"ಆ ಕಡೆ ನಾನು ನಿಂತ್ಕೊಳ್ತೀನಿ. ಎರಡು ಅನ್ನೋಕೆ ನಂಗೂ ಬರುತ್ತಪ್ಪಾ."

ಅವನು ತನ್ನ ರೆಂಚನ್ನು ಎತ್ತಿಕೊಂಡು ಕಾರಿನ ಮೂತಿಯನ್ನು ಬಳಸಿ ಹೊರಟ.

"ಬೇಡ ಅತ್ತಿಗೆ. ಇವತ್ತು ನೀವು ಎರಡು ಅಂದ್ರೆ, ನಾಳೆನೂ ನಾನು ಕಾಯ್ತಾ ನಿಲ್ತೀನಿ. ಸ್ವಲ್ಪ ದಾರಿ ಬಿಡಿ, ಆ ಕಡೆಗೆ ನಾನೇ ಬರ್ತೀನಿ."