ಸಾಬೂನಿನ ಡಬ್ಬಿಯಷ್ಟು ಕಂಪ್ಯೂಟರು, ನಮ್ಮ ಮನೆಯ ನಾಲ್ಕು ಫೋನುಗಳು

ಏಕಸಂಬಿಯ ನಮ್ಮ ಮನೆಯಲ್ಲಿ ನಾಲ್ಕು ಜನ, ನಾಲ್ಕು ಫೋನು. ನಾಲ್ಕರಲ್ಲೂ ಸದಾ ಜಾಗದ ಬರ. ಮಾವನವರ ಫೋನಿನ ತುಂಬ ಕನ್ನಡದಲ್ಲೂ ಮರಾಠಿಯಲ್ಲೂ ಬರುವ ಗುಡ್ ಮಾರ್ನಿಂಗ್‌ಗಳು: ಗುಲಾಬಿ ಹೂ, ಹುಟ್ಟುವ ಸೂರ್ಯ, ಹಬೆಯಾಡುವ ಚಹಾ. ಅತ್ತೆಯವರದರಲ್ಲಿ ಎಮ್ಮೆಗಳು, ಜಂಪರಿನ ಹೊಸ ನಮೂನೆಗಳು. ನಮ್ಮನೆಯವರದು ಗೊಬ್ಬರದ ಅಂಗಡಿ. ಅವರ ಫೋನಿಗೆ ರೈತರು ಹುಳ ತಿಂದ ಎಲೆಗಳ ಫೋಟೋ ಕಳಿಸಿ, ಯಾವ ಔಷಧಿ ಹೊಡೆಯಬೇಕೆಂದು ಕೇಳುತ್ತಾರೆ. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಗಣಿತ ಕಲಿಸುವವಳು. ನನ್ನದರಲ್ಲಿ ಬರೀ ಪ್ರಶ್ನೆಪತ್ರಿಕೆ.

"ಮಾವಾರ, ಹಳೇ ಗುಡ್ ಮಾರ್ನಿಂಗ್ ಅಳಸ್ಲೇನ್ರಿ?" ಎಂದು ಎಷ್ಟೋ ಸಲ ಕೇಳಿದ್ದೆ.

"ಬ್ಯಾಡ ಯವ್ವಾ. ಮಂದಿ ಪ್ರೀತಿಲೆ ಕಳಿಸಿರ್ತಾರ. ಅಳಸಿದ್ದು ಅವ್ರಿಗೆ ಗೊತ್ತಾದ್ರ?"

ಹೀಗಿರುವಾಗ ನಮ್ಮನೆಯವರು ಕಬ್ಬಿನ ಎಲೆಗಳಿಗೆ ಜಾಗ ಮಾಡಿಕೊಡಲು ನಮ್ಮ ಮದುವೆಯ ವಿಡಿಯೊ ಅಳಿಸಿಹಾಕಿದರು. ಕೇಳಿದರೆ, "ಒಮ್ಮೆ ನೋಡೇವಲ್ಲ?" ಅಂದರು. ಅವತ್ತು ನಾನು ಜಗಳವಾಡಲಿಲ್ಲ. ಒಂದು ಸಣ್ಣ ಕಂಪ್ಯೂಟರ್ ಬೋರ್ಡು ತರಿಸಿದೆ.

ಅಂಗೈಯಲ್ಲಿ ಹಿಡಿಯುವಷ್ಟು ಬೋರ್ಡು, ಅದಕ್ಕೊಂದು ಹಾರ್ಡ್ ಡಿಸ್ಕ್. ನಾಲ್ಕೂ ಫೋನುಗಳಲ್ಲಿ ಒಂದೊಂದು ಆ್ಯಪ್ ಹಾಕಿದೆ. ಯಾರೇ ಮನೆಗೆ ಬಂದು ಫೋನು ಚಾರ್ಜಿಗೆ ಇಟ್ಟರೆ ಸಾಕು, ಹಳೆಯ, ಹೊಸ ಫೋಟೋ, ವಿಡಿಯೊ, ರೆಕಾರ್ಡಿಂಗ್ ಎಲ್ಲ ವೈಫೈ ಮೂಲಕ ತಾವಾಗಿಯೇ ಡಿಸ್ಕಿಗೆ ಹೋಗಿ ಕೂರುತ್ತವೆ. ಯಾರೂ ಏನೂ ಒತ್ತಬೇಕಿಲ್ಲ.

"ಕಂಪ್ಯೂಟರ್ ಅಂದಿ, ಸಾಬೂನಿನ ಡಬ್ಬಿ ತಂದಿಯಲ್ಲ?" ಎಂದರು ಮಾವ. ಅತ್ತೆ ಮಾತ್ರ ಅದಕ್ಕೆ ಅರಿಷಿಣ-ಕುಂಕುಮ ಏರಿಸಿ, ಊದಿನಕಡ್ಡಿ ಬೆಳಗಿದರು. ಮರುದಿನವೇ ಅದರ ಪ್ಲಗ್ಗು ಕಿತ್ತು ಮಿಕ್ಸರ್ ಹಚ್ಚಿದರು. ನಡುವೆ ಕರೆಂಟು ತಪ್ಪಿ ಯಂತ್ರದ ಮೆಮೊರಿ ಕಾರ್ಡು ಕೆಟ್ಟಿತು. ಭಾನುವಾರವೆಲ್ಲ ಕೂತು ಮತ್ತೆ ಮೊದಲಿಂದ ಮಾಡಿದೆ. "ದೇವರ ಪಾಲಿನ ಪೂಜಾ ಮಾಡೇವಿ, ಚಟ್ನಿ ಪಾಲಿಗೆ ಪ್ಲಗ್ಗ ಬೇಕಲ್ಲ?" ಎಂದರು ಅತ್ತೆ. ಪಡಸಾಲೆಗೆ ಇನ್ನೊಂದು ಪ್ಲಗ್ ಪಾಯಿಂಟ್ ಹಾಕಿಸಿದೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಡಿಸ್ಕಿಗೆ ಬಂದ ಹೊಸ ಫೋಟೋಗಳು ಪಡಸಾಲೆಯ ಟಿವಿಯಲ್ಲಿ ಒಂದಾದ ಮೇಲೊಂದು ಕಾಣುವ ಹಾಗೆ ಮಾಡಿದೆ. ನೋಡಲು ಅಚ್ಚುಕಟ್ಟಾಗಿರಲೆಂದು ಪ್ರತಿ ಫೋಟೋದ ಕೆಳಗೆ ವಾರ, ತಾರೀಖನ್ನೂ ಮೂಡಿಸಿದೆ. ಕಾಲೇಜಿನಲ್ಲಿ ಎರಡು ದಿನ ಇದನ್ನೇ ಹೇಳಿಕೊಂಡು ತಿರುಗಿದೆ.

ಶ್ರಾವಣದ ಒಂದು ಭಾನುವಾರ ಜುಗೂಳದಿಂದ ಮಾವನವರ ತಂಗಿ ಬಂದರು. ಚಹಾ ಕುಡಿಯುತ್ತ ಟಿವಿ ನೋಡುತ್ತಿದ್ದರು. ಮೊದಲು ಗುಲಾಬಿ ಬಂತು, ಸೂರ್ಯ ಬಂದ, ಹುಳ ತಿಂದ ಎಲೆ ಬಂತು. ಆಮೇಲೆ ನಮ್ಮನೆಯವರು ಬಂದರು. ನಿಪ್ಪಾಣಿಯ ಕಡೆಯ ಯಾವುದೋ ಧಾಬಾದಲ್ಲಿ ಮೂವರು ಗೆಳೆಯರ ನಡುವೆ, ಕೈಯಲ್ಲಿ ಮಟನ್ನಿನ ನಳ್ಳಿ ಎಲುಬು ಹಿಡಿದು, ಕ್ಯಾಮೆರಾಕ್ಕೆ ನಗುತ್ತ ಕೂತಿದ್ದರು.

"ಹಳೇ ಫೋಟೋರಿ ಅದು, ಹ್ವಾದ ವರ್ಷದ್ದು," ಎಂದು ನಮ್ಮನೆಯವರು ಕುರ್ಚಿಯಿಂದ ಎದ್ದುನಿಂತರು.

ಅತ್ತೆಗೆ ಓದಲು ಬರುತ್ತದೆ. ಕೆಳಗೆ ನಾನು ಮೂಡಿಸಿದ್ದ, ಆರು ದಿನದ ಹಿಂದಿನ ತಾರೀಖು ನೋಡಿ, ವಾರವನ್ನು ಅಕ್ಷರ ಬಿಡಿಸಿ ಓದಿದರು. "ಸೋ-ಮ-ವಾ-ರ. ಶ್ರಾವಣ ಸೋಮವಾರನs!" ಮಗನನ್ನು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರದೇ ಫೋನಿನ ಫೋಟೋ ಬಂತು. ಕೊಟ್ಟಿಗೆಯಲ್ಲಿ ಹೊಸದಾಗಿ ಹುಟ್ಟಿದ ಎಮ್ಮೆಯ ಕರು. ಮುದ್ದಾದ ಕರು. ಅದರ ಹಿಂದೆ ಗಾಳಿಗೆ ಅಡ್ಡ ಕಟ್ಟಿದ ಹಸಿರು ಸೀರೆ.

ಜುಗೂಳದವರು ಕಪ್ಪು ಕೆಳಗಿಟ್ಟರು. "ವೈನಿ, ಇದು ನಾ ನಿಮಗ ಆಯೇರಿ ಅಂತ ಕೊಟ್ಟ ಸೀರಿ ಅಲ್ರಿ?"

ಅತ್ತೆ ತಡಮಾಡಲಿಲ್ಲ. "ಕರಕ್ಕ ಥಂಡಿ ಹತ್ತಿತ್ತ್ರಿ. ಮನ್ಯಾಗ ಭಾಳ ಬೆಚ್ಚಗಿನ ಸೀರಿ ಅದs ಇತ್ತು."

ಜುಗೂಳದವರು ಊಟಕ್ಕೆ ನಿಲ್ಲದೆ ಹೋದರು. ಅಂದು ಸಂಜೆಯ ವಿಚಾರಣೆಯಲ್ಲಿ ಮಟನ್ ತಿಂದವರದು ತಪ್ಪಾಗಲಿಲ್ಲ, ಸೀರೆ ಕಟ್ಟಿದವರದೂ ಆಗಲಿಲ್ಲ. ಸಾಬೂನಿನ ಡಬ್ಬಿಯದೇ ತಪ್ಪೆಂದು ತಾಯಿ-ಮಗ ಒಂದಾಗಿ ತೀರ್ಮಾನಿಸಿದರು. ನಾನು ಟಿವಿಯ ಏರ್ಪಾಡು ತೆಗೆದೆ. ಒಬ್ಬೊಬ್ಬರಿಗೂ ಬೇರೆ ಫೋಲ್ಡರ್, ಬೇರೆ ಪಾಸ್‌ವರ್ಡ್ ಕೊಟ್ಟೆ. ಆದರೂ ನಮ್ಮನೆಯವರು ಗೇಟಿನಲ್ಲೇ ವೈಫೈ ಬಂದ್ ಮಾಡಿ ಒಳಗೆ ಬರತೊಡಗಿದರು. ಅತ್ತೆ ಪಕ್ಕದ ಮನೆಯಲ್ಲಿ ಫೋನು ಚಾರ್ಜ್ ಮಾಡಿಸಿಕೊಂಡು ಬರುತ್ತಿದ್ದರು. ಮಾವನವರಿಗೆ ವೈಫೈ ಬಂದ್ ಮಾಡಲು ಬರುತ್ತಿರಲಿಲ್ಲ. ಹೀಗಾಗಿ ನನ್ನ ಯಂತ್ರ ಗುಲಾಬಿ ಹೂಗಳನ್ನೂ ಪ್ರಶ್ನೆಪತ್ರಿಕೆಗಳನ್ನೂ ನಿಷ್ಠೆಯಿಂದ ಕಾಯುತ್ತಿತ್ತು.

ಮುನಿಸಿಕೊಂಡ ತಂಗಿಯನ್ನು ಸಮಾಧಾನ ಮಾಡಲು ಮಾವ ಒಂದು ದಿನ ಜುಗೂಳಕ್ಕೆ ಹೋದರು. ಅಲ್ಲಿ ತುಂಬಿ ಹರಿಯುವ ಕೃಷ್ಣೆಯ ಫೋಟೋ ತೆಗೆಯಲು ಬಗ್ಗಿದಾಗ ಫೋನು ಹೊಳೆಗೆ ಬಿತ್ತು. ಮನೆಗೆ ಬಂದವರು ಊಟ ಮಾಡದೆ ಕೂತರು.

"ಹೊಸಾ ಫೋನ್ ತಗೊಳ್ಳೋಣ ತಗೋರಿ, ಅಪ್ಪಾ," ಎಂದರು ನಮ್ಮನೆಯವರು.

"ಫೋನ್ ಸಿಗತೈತಿ. ಮಂದಿ ಕಳಿಸಿದ್ದೆಲ್ಲಾ ಹೊಳಿಗೆ ಹೋತಲ್ಲೋ."

ಕಣ್ಣಲ್ಲಿ ನೀರಿತ್ತು. ಆ ಗುಡ್ ಮಾರ್ನಿಂಗ್‌ಗಳನ್ನು ಕಳಿಸಿದವರಲ್ಲಿ ಕೆಲವರು ಈಗಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಎಲ್ಲ ಸಾಬೂನಿನ ಡಬ್ಬಿಯಲ್ಲಿ ಇದೆ ಎಂದರೂ, ಕಣ್ಣಾರೆ ಕಾಣುವವರೆಗೆ ಅವರು ನಂಬಲಿಲ್ಲ.

ಹೊಸ ಫೋನು ಬಂದ ದಿನ ಮಾವ, ನಾನು ಇಬ್ಬರೂ ಪಡಸಾಲೆಯಲ್ಲಿ ಕೂತೆವು. ಡಿಸ್ಕಿನಿಂದ ಎಲ್ಲ ವಾಪಸು ತುಂಬಿದೆ. ಗುಲಾಬಿಗಳು ಬಂದವು, ಸೂರ್ಯರು ಬಂದರು. ಮಾವ ಒಂದೊಂದನ್ನೇ ನೋಡಿ, "ಇದು ಕಾಗವಾಡದವಂದು. ಇದು ಅಥಣಿಯವಂದು, ಪಾಪ, ಹ್ವಾದ," ಎಂದು ಗುರುತಿಸುತ್ತ ಹೋದರು. ಕೊನೆಗೆ ಒಂದು ಆಡಿಯೊ ಫೈಲು ಸಿಕ್ಕಿತು. ಅವರ ಜೇಬಿನಲ್ಲಿ ಏನೋ ಒತ್ತಿ ರೆಕಾರ್ಡ್ ಆಗಿದ್ದದ್ದು. ಸರಿಯಾಗಿದೆಯೋ ನೋಡೋಣವೆಂದು ಹಚ್ಚಿದೆ.

ಚಹಾದಂಗಡಿಯ ಗದ್ದಲ. ನಡುವೆ ಮಾವನವರ ದನಿ: "ಮನ್ಯಾಗ ಒಂದು ಮಷಿನ್ ಕುಂಡ್ರಿಸೇನಿ. ಫೋನ್ ಕಳದ್ರೂ ಒಂದ ಫೋಟೋ ಹೋಗಂಗಿಲ್ಲ. ಪ್ಲಾನ್ ಎಲ್ಲಾ ನಂದು. ಸೊಸಿ ವಯರ್ ಜೋಡಿಸ್ಯಾಳ, ಅಷ್ಟ."

ಇನ್ನೊಂದು ದನಿ: "ಸೊಸಿ ಭಾಳ ಶಾಣ್ಯಾಕಿ ಅಂತಾರಲ್ರಿ?"

"ಶಾಣ್ಯಾಕೀನs ಅದಾಳ. ಆದ್ರ ಮನ್ಯಾಗ ಹೇಳಬ್ಯಾಡ್ರಿ, ನಮ್ಮಾಕಿಗೆ ಸಿಟ್ಟ ಬರ್ತೈತಿ."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ನನಗ್ಯಾಕ್ರಿ ಸಿಟ್ಟ ಬರ್ತೈತಿ?" ಎಂದು ಕೇಳಿದ ರೀತಿಯಲ್ಲೇ ಎಷ್ಟು ಬಂದಿದೆಯೆಂದು ತಿಳಿಯುತ್ತಿತ್ತು. ಮಾವ ಹೊಸ ಫೋನನ್ನು ಕಿವಿಗೆ ಹಿಡಿದು ಹೊರಗೆ ನಡೆದರು. ಅದರಲ್ಲಿ ಇನ್ನೂ ಸಿಮ್ ಹಾಕಿರಲಿಲ್ಲ.

ಅತ್ತೆ ಸೆರಗಿನಿಂದ ತಮ್ಮ ಫೋನು ತೆಗೆದು ನನ್ನ ಮುಂದಿಟ್ಟರು. "ಕರದ ಫೋಟೋ ಅದಾವು. ಹೋಗಬಾರ್ದು," ಎಂದಷ್ಟೇ ಹೇಳಿದರು.

ಮುಂದಿನ ವಾರ ಕಾಲೇಜಿನಿಂದ ಬಂದಾಗ ಕಟ್ಟೆಯ ಮೇಲೆ ಚಹಾದಂಗಡಿಯ ಹಿರಿಯರು ಸಾಲಾಗಿ ಕೂತಿದ್ದರು, ಕೈಯಲ್ಲಿ ಒಂದೊಂದು ಫೋನು ಹಿಡಿದು. ಮಾವ ನಡುವೆ ಕುರ್ಚಿ ಹಾಕಿಕೊಂಡು, ವೈಫೈ ಅಂದರೇನೆಂದು ಅವರಿಗೆ ವಿವರಿಸುತ್ತಿದ್ದರು.